ರಿಪೋರ್ಟು ಸರಿಯಿದೆ, ಹೊಟ್ಟೆಯುರಿ ಹೋಗಿಲ್ಲ: ‘ತಲೆಬಿಸಿ’ ಮೈಗೆ ಹೇಗೆ ಇಳಿಯುತ್ತದೆ?

ಕಾನಸೂರು ತೋಟಿಗ

ಎಲ್ಲರಿಗೂ ನಮಸ್ಕಾರ. ನನಗೀಗ 52 ವರ್ಷ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಬದಿಯ ಹಳ್ಳಿಯೊಂದರಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ಮೂರು ವರ್ಷಗಳಿಂದ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿದೆ, ಕಳೆದ ಮಳೆಗಾಲದಲ್ಲಿ ಅದರ ಮೇಲೆ ಕೊಳೆರೋಗವೂ ಬಿತ್ತು. ಮಳೆ ಹೊಳವಾದ ದಿನ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ, ಕೊನೆಗೌಡ ಬಂದ ದಿನ ಮಳೆ ಬಿಡುವುದಿಲ್ಲ. ಸಾಲದ ಕಂತು ಮಾತ್ರ ಇಬ್ಬರಿಗೂ ಕಾಯದೆ ತನ್ನ ತಾರೀಕಿಗೆ ಬಂದು ನಿಲ್ಲುತ್ತದೆ.

ಆಷಾಢದಿಂದ ಈಚೆಗೆ ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿದೆ. ಹಂಚಿನ ಮೇಲೆ ಮಳೆ ಜೋರಾದ ಹಾಗೆ ಎದೆಗೂಡಿನ ಕೆಳಗೆ ಉರಿ ಏಳುತ್ತದೆ, ಅಂಗೈ ಬೆವರುತ್ತದೆ, ಒಮ್ಮೊಮ್ಮೆ ಎಡಭುಜದವರೆಗೂ ಬಿಗಿದು ಹಿಡಿದಂತಾಗುತ್ತದೆ. ಇಸಿಜಿ, ಎಕೋ, ಟ್ರೆಡ್‌ಮಿಲ್, ಹೊಟ್ಟೆಯ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವನ್ನೂ ಮಾಡಿಸಿಯಾಯಿತು, ಎಲ್ಲವೂ ಸರಿಯಾಗಿಯೇ ಇವೆ. ಗ್ಯಾಸಿನ ಮಾತ್ರೆ ಬರೆದ ಚೀಟಿಯ ಕೆಳಗೆ ವೈದ್ಯರು ‘ಟೆನ್ಶನ್ ಕಡಿಮೆ ಮಾಡಿಕೊಳ್ಳಿ’ ಎಂದು ಸೇರಿಸಿದರು. ಮನೆಗೆ ಬಂದು ಅದನ್ನು ಓದಿ ಹೇಳಿದಾಗ ಆಯಿ (ಅಮ್ಮ), ‘ಹಾಂಗಾದ್ರೆ ನಿಂಗೆ ಎಂತೂ ಆಜಿಲ್ಲೆ’ (ಏನೂ ಆಗಿಲ್ಲ) ಎಂದು ನಿಟ್ಟುಸಿರು ಬಿಟ್ಟಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಚಿಂತೆ ಎಂಬುದು ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು. ಅದು ಹೊಟ್ಟೆಯ ಮಾಂಸವನ್ನು ಹೇಗೆ ಸುಡುತ್ತದೆ? ಸುಡುವುದೇ ಇಲ್ಲವೆಂದಾದರೆ ನಾನು ರಾತ್ರಿ ಅನುಭವಿಸುತ್ತಿರುವುದು ಏನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ನಿವೃತ್ತ ದಾದಿ, ಕುಮಟಾ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ವಾರ್ಡುಗಳಲ್ಲಿ ಓಡಾಡಿದವಳಾಗಿ ಮೊದಲು ಒಂದು ಮಾತು: ನಿಮ್ಮ ಉರಿ ಭ್ರಮೆಯಲ್ಲ. ನಮ್ಮ ಕಡೆಯ ಮಾತನ್ನೇ ನೋಡಿ. ಘಟ್ಟದ ಮೇಲಿರಲಿ ಕೆಳಗಿರಲಿ, ನಾವು ಯಾರೂ ‘ನನಗೆ ಆತಂಕವಾಗಿದೆ’ ಎನ್ನುವುದಿಲ್ಲ. ‘ತಲೆಬಿಸಿ’ ಎನ್ನುತ್ತೇವೆ, ‘ಹೊಟ್ಟೆಯಲ್ಲಿ ಕಲೆಸಿದಂತಾಯಿತು’, ‘ಎದೆ ಧಸಕ್ಕೆಂದಿತು’, ‘ಕರುಳು ಕಿವುಚಿತು’ ಎನ್ನುತ್ತೇವೆ. ಹೊರರೋಗಿ ವಿಭಾಗಕ್ಕೆ ಬರುತ್ತಿದ್ದವರಲ್ಲಿ ಮನಸ್ಸು ಕುಗ್ಗಿದೆ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಉಳಿದವರೆಲ್ಲರೂ ಬಂದದ್ದು ಮೈಕೈ ನೋವು, ಕಣ್ಣುಕತ್ತಲೆ, ನಿಶ್ಶಕ್ತಿ, ಕಾಲುರಿ ಎಂದು. ಅವರು ಸುಳ್ಳು ಹೇಳುತ್ತಿರಲಿಲ್ಲ. ನೋವು ಇದ್ದದ್ದೇ ಅಲ್ಲಿ.

ವಿಷಯ ಹೀಗಿದೆ. ಕತ್ತಲಾದ ಮೇಲೆ ತೋಟದ ಕಾಲುದಾರಿಯಲ್ಲಿ ಬರುವಾಗ ಕಾಲಿಗೆ ತಣ್ಣಗೆ ಏನೋ ತಾಗಿತು ಎಂದುಕೊಳ್ಳಿ. ಟಾರ್ಚು ಹಾಕುವ ಮೊದಲೇ ಎದೆ ಬಡಿಯುತ್ತದೆ, ಬಾಯಿ ಒಣಗುತ್ತದೆ, ಮೈ ಬೆವರುತ್ತದೆ. ಬೆಳಕಿನಲ್ಲಿ ನೋಡಿದರೆ ಅದು ಕರುವಿನ ಹಗ್ಗ. ಹಾವು ಸುಳ್ಳಾಯಿತು, ಬೆವರು ಸುಳ್ಳಾಗಲಿಲ್ಲ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಅಷ್ಟರೊಳಗೆ ಅಡ್ರಿನಲಿನ್ ಸುರಿಸಿ ಆಗಿರುತ್ತದೆ. ಈ ‘ಹೋರಾಡು ಇಲ್ಲವೇ ಓಡು’ ಎಂಬ ಏರ್ಪಾಡನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಅದರ ಹಿಂದೆಯೇ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್‌ಗೆ ಸುದ್ದಿ ಮುಟ್ಟಿಸಿ ಕಾರ್ಟಿಸೋಲ್ ಎಂಬ ಇನ್ನೊಂದು ರಸವನ್ನು ಹೊರಡಿಸುತ್ತದೆ. ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ರಕ್ತದೊತ್ತಡ ಏರುತ್ತದೆ, ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳ ಕಡೆ ತಿರುಗುತ್ತದೆ. ಓಡಬೇಕಾದವನಿಗೆ ಊಟ ಕರಗಿಸುವ ಪುರುಸೊತ್ತೆಲ್ಲಿ?

ಹಾವಾದರೆ ಹತ್ತು ನಿಮಿಷದಲ್ಲಿ ಪೊದೆಗೆ ಸೇರುತ್ತದೆ, ಮೈಯೂ ತಣಿಯುತ್ತದೆ. ಸಾಲದ ಕಂತು ದಾರಿ ಬಿಟ್ಟು ಹೋಗುವ ಹಾವಲ್ಲ. ಮಧ್ಯರಾತ್ರಿಯ ಹೊತ್ತಿಗೆ ಅತ್ಯಂತ ಕೆಳಗಿಳಿದು ಬೆಳಗಿನ ಜಾವ ಮತ್ತೆ ಏರತೊಡಗುವುದು ಕಾರ್ಟಿಸೋಲಿನ ಸಹಜ ಲಯ. ಚಿಂತೆ ಹೊತ್ತು ಮಲಗಿದವರಿಗೆ ಆ ಏರಿಕೆಯ ಹೊತ್ತಿನಲ್ಲಿ ನಿದ್ದೆ ತೆಳ್ಳಗಾಗಿ ಹರಿದುಬಿಡುವುದನ್ನು ನಾನು ಬಹಳ ಜನರಲ್ಲಿ ಕಂಡಿದ್ದೇನೆ.

ಸಂಶಯಪಿಶಾಚಿ, ಕಾರವಾರ

ದಾದಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ತೋಟಿಗರ ವಿಷಯದಲ್ಲಿ ಎಲ್ಲರೂ ಇಷ್ಟು ಬೇಗ ಚಿಂತೆಯ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಹೊಟ್ಟೆಯ ಚರಿತ್ರೆಯೇ ಇದಕ್ಕೆ ಪಾಠ. ಹ್ಯಾನ್ಸ್ ಸೆಲಿಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳನ್ನು ಚಳಿ, ಗಾಯ, ವಿಷ, ಅತಿಶ್ರಮಗಳಿಗೆ ಒಡ್ಡಿ ನೋಡಿದಾಗ ಕಾರಣ ಯಾವುದೇ ಇದ್ದರೂ ಅಡ್ರಿನಲ್ ಊದಿಕೊಂಡಿತ್ತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದವು. ‘ಒತ್ತಡ’ ಎಂಬ ಪದ ಇಂದಿನ ಅರ್ಥದಲ್ಲಿ ವೈದ್ಯಕೀಯಕ್ಕೆ ಬಂದದ್ದು ಹೆಚ್ಚುಕಡಿಮೆ ಅವರಿಂದಲೇ. ಮುಂದೆ ಹಲವು ದಶಕಗಳ ಕಾಲ ಜಠರದ ಹುಣ್ಣೆಂದರೆ ಚಿಂತೆ, ಖಾರ ಮತ್ತು ಸಿಡುಕು ಎಂದೇ ಪಾಠ ನಡೆಯಿತು. ರೋಗಿಗಳಿಗೆ ಹಾಲು ಕುಡಿಸಿ ಮಲಗಿಸುತ್ತಿದ್ದರು.

1982ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದೇ ಜಠರದಿಂದ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟು ವರ್ಷ ‘ನಿನ್ನ ಸ್ವಭಾವವೇ ಹಾಗೆ’ ಎನ್ನಿಸಿಕೊಂಡು ಹುಣ್ಣಿನಿಂದ ನರಳಿದವರಲ್ಲಿ ಬಹುಪಾಲು ಜನರಿಗೆ ಬೇಕಾಗಿದ್ದದ್ದು ಎರಡು ವಾರಗಳ ಆಂಟಿಬಯಾಟಿಕ್. ತೋಟಿಗರೇ, ನಿಮ್ಮ ಪಟ್ಟಿಯಲ್ಲಿ ಇಸಿಜಿಯಿಂದ ಸ್ಕ್ಯಾನಿಂಗಿನವರೆಗೆ ಎಲ್ಲವೂ ಇದೆ, ಪೈಲೊರಿ ಪರೀಕ್ಷೆ ಮಾತ್ರ ಇಲ್ಲ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಅದು ಕಾಣುವುದಿಲ್ಲ.

ಅಂಕೋಲೆಯ ಶಿಕ್ಷಕಿ

ಸಂಶಯಪಿಶಾಚಿಯವರ ಮಾತಿಗೆ ನನ್ನ ಅನುಭವದ ಒಂದು ಸಾಕ್ಷಿ ಸೇರಿಸುತ್ತೇನೆ. ಎದೆ ಡವಗುಟ್ಟುವುದು, ಕೈನಡುಕ, ಕಾರಣವಿಲ್ಲದೆ ಅಳು, ತೂಕ ಇಳಿಯುವುದು ಎಂದು ಎರಡು ವರ್ಷ ನಾನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆ. ಹೋದಲ್ಲೆಲ್ಲ ‘ಕೆಲಸದ ಒತ್ತಡ’ ಎಂದರು, ಒಬ್ಬರಂತೂ ಮಗಳ ಮದುವೆಯ ಚಿಂತೆಯೇ ಎಂದು ನಗುತ್ತ ಕೇಳಿದರು. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಕೊನೆಗೆ ಕಣ್ಣು ತೋರಿಸಲು ಹೋದಾಗ ಆ ವೈದ್ಯೆ ನನ್ನ ಕಣ್ಣುಗುಡ್ಡೆಗಳನ್ನು ನೋಡಿ ‘ಥೈರಾಯ್ಡ್ ನೋಡಿಸಿದ್ದೀರಾ?’ ಎಂದರು. ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿತ್ತು. ನನ್ನ ಮನಸ್ಸು ಮೈಯನ್ನು ಕೆಡಿಸಿರಲಿಲ್ಲ, ಮೈಯೇ ಮನಸ್ಸನ್ನು ಕೆಡಿಸಿತ್ತು. ಗಂಡಸು ಎದೆನೋವೆಂದರೆ ಇಸಿಜಿ, ಹೆಂಗಸು ಎದೆನೋವೆಂದರೆ ಟೆನ್ಶನ್ ಎಂಬ ರೂಢಿಯ ಬಗ್ಗೆ ಬರೆಯಲು ಹೊರಟರೆ ಈ ಚರ್ಚೆ ಬೇರೆ ದಿಕ್ಕಿಗೆ ಹೋದೀತು, ಇಲ್ಲಿಗೆ ನಿಲ್ಲಿಸುತ್ತೇನೆ.

ಬೈತಖೋಲದವನು

ಮೇಲಿನ ಬರಹ ಓದಿ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕೆನಿಸಿತು. ನಮ್ಮದು ಮೀನುಗಾರ ಕುಟುಂಬ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲದ ತಲೆಬಿಸಿ. ಆಗಸ್ಟಿನಲ್ಲಿ ಕಡಲಿಗಿಳಿದರೆ ಗಾಳಿಯ ತಲೆಬಿಸಿ. ಒಂದು ವರ್ಷ ಆಗಸ್ಟಿನಲ್ಲಿ ನನ್ನ ತಮ್ಮ ಹೋದ ಬೋಟು ಹೇಳಿದ ಹೊತ್ತಿಗೆ ಬರಲಿಲ್ಲ, ಫೋನೂ ಸಿಗಲಿಲ್ಲ. ಅಮ್ಮ ಇಡೀ ರಾತ್ರಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಿಗ್ಗೆ ಯಾರೋ ಬಂದು, ಬೋಟಿನ ಹಲಗೆಗಳು ದಡಕ್ಕೆ ಬಂದಿವೆಯಂತೆ ಎಂದು ಹೇಳಿಬಿಟ್ಟರು. ಅದು ಬೇರೆ ಯಾವುದೋ ಹಳೆಯ ದೋಣಿಯದು. ತಮ್ಮ ಅದೇ ಮಧ್ಯಾಹ್ನ ಬಂದ, ಎಂಜಿನ್ ಕೆಟ್ಟು ಗೋವಾದ ಕಡೆ ಸರಿದಿದ್ದರಂತೆ. ಅಷ್ಟರಲ್ಲಿ ಅಮ್ಮ ಎದೆ ಹಿಡಿದುಕೊಂಡು ಕುಸಿದಿದ್ದಳು.

ಇಲ್ಲಿ ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಎಂದರು, ಆಂಬುಲೆನ್ಸಿನಲ್ಲಿ ಹೆದ್ದಾರಿ ಹಿಡಿದು ದಕ್ಷಿಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದೆವು. ನಮ್ಮ ಜಿಲ್ಲೆಯವರಿಗೆ ಆ ದಾರಿಯ ಉದ್ದ ಹೇಳಬೇಕಾಗಿಲ್ಲ. ಅಲ್ಲಿ ಆಂಜಿಯೊಗ್ರಾಂ ಮಾಡಿದರೆ ರಕ್ತನಾಳಗಳಲ್ಲಿ ಒಂದೂ ಅಡ್ಡಿಯಿರಲಿಲ್ಲ. ವೈದ್ಯರು ಕಾಗದದ ಮೇಲೆ ಕತ್ತು ಸಣ್ಣಗಿರುವ, ಬುಡ ಉಬ್ಬಿದ ಮಡಕೆಯೊಂದರ ಚಿತ್ರ ಬರೆದು, ನಿಮ್ಮ ತಾಯಿಯ ಹೃದಯ ಈಗ ಹೀಗಾಗಿದೆ ಎಂದರು. ಅದಕ್ಕೆ ಜಪಾನಿ ಹೆಸರೊಂದನ್ನೂ ಹೇಳಿದರು, ಮರೆತಿದ್ದೇನೆ. ಒಂದೂವರೆ ತಿಂಗಳಲ್ಲಿ ಎಕೋ ಮೊದಲಿನಂತಾಯಿತು. ಯಾರಾದರೂ ವೈದ್ಯರಿದ್ದರೆ ಅದೇನೆಂದು ತಿಳಿಸಿ.

ಹೊನ್ನಾವರದ ವೈದ್ಯ

ಆ ಹೆಸರು ತಕೊತ್ಸುಬೊ. ಆಕ್ಟೋಪಸ್ ಹಿಡಿಯಲು ಜಪಾನಿನ ಮೀನುಗಾರರು ಕಡಲ ತಳಕ್ಕೆ ಇಳಿಬಿಡುವ ಮಡಕೆ ಅದು. ಹೃದಯದ ಎಡ ಕೆಳಕೋಣೆಯ ತುದಿ ಬಡಿಯುವುದನ್ನು ಮರೆತು ಬಲೂನಿನಂತೆ ಉಬ್ಬಿ, ಕತ್ತಿನ ಭಾಗ ಮಾತ್ರ ಬಿಗಿಯಾಗಿ ಕುಗ್ಗುತ್ತಿದ್ದಾಗ ಚಿತ್ರದಲ್ಲಿ ಆ ಮಡಕೆಯ ಆಕಾರವೇ ಮೂಡುತ್ತದೆ. ಜಪಾನಿನ ವೈದ್ಯರು 1990ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಸಾವಿನ ಸುದ್ದಿ, ಭಯ, ಜಗಳ, ಒಮ್ಮೊಮ್ಮೆ ಅತಿ ಸಂತೋಷ ಕೂಡ ಇದನ್ನು ಕೆರಳಿಸಬಲ್ಲದು. ಅಡ್ರಿನಲಿನ್ ಮತ್ತು ಅದರ ಬಳಗದ ರಸಗಳು ಒಮ್ಮೆಲೇ ಉಕ್ಕುವುದೇ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಆಸ್ಪತ್ರೆಯಲ್ಲೇ ತೀರಿಕೊಂಡವರೂ ಇದ್ದಾರೆ. ‘ಎದೆ ಒಡೆದುಹೋಯಿತು’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರದ ಕಾಯಿಲೆಯನ್ನು ನಾನು ನೋಡಿಲ್ಲ. ಅದು ಹಾರ್ಟ್ ಅಟ್ಯಾಕೋ ತಕೊತ್ಸುಬೊವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಸಾಧ್ಯವಿಲ್ಲ. ಎದೆನೋವು ಬಂದಾಗ ಮೊದಲು ಇಸಿಜಿ, ಕಾರಣದ ಚರ್ಚೆ ಆಮೇಲೆ.

ಒಂದೇ ಪೆಟ್ಟಿನ ಆಘಾತಕ್ಕಿಂತ ವರ್ಷಗಟ್ಟಲೆ ಸಣ್ಣಗೆ ಉರಿಯುವ ಒತ್ತಡದ ಲೆಕ್ಕ ಹಿಡಿಯುವುದು ಕಷ್ಟ. ಹಾಗಿದ್ದರೂ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವ ಅಧ್ಯಯನವೊಂದಿದೆ. 1995ರಲ್ಲಿ ಅಮೆರಿಕದ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳ ಆರೈಕೆ ಮಾಡುತ್ತಿದ್ದ 13 ಮಹಿಳೆಯರ ಮತ್ತು ಅಂಥ ಹೊರೆಯಿಲ್ಲದ 13 ಮಹಿಳೆಯರ ತೋಳಿನಲ್ಲಿ ಮೂರೂವರೆ ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ, ಅದು ಮಾಯುವುದನ್ನು ಕಾದು ನೋಡಿದರು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಗುಂಪು ಚಿಕ್ಕದು ನಿಜ. ಆದರೂ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯೊಬ್ಬಳು ಹಲಸಿನಕಾಯಿ ಹೆಚ್ಚುವಾಗ ಆದ ಗಾಯ ಮಾಯುತ್ತಿಲ್ಲವೆಂದು ಬಂದಾಗ, ಸಕ್ಕರೆ ಪರೀಕ್ಷೆಗೆ ಬರೆಯುವುದರ ಜೊತೆಗೆ ‘ರಾತ್ರಿ ಎಷ್ಟು ಸಲ ಏಳುತ್ತೀರಿ?’ ಎಂದು ಕೇಳುವುದನ್ನು ನಾನು ಕಲಿತದ್ದು ಅದರಿಂದ.

ತೋಟಿಗರಿಗೆ: ಪೈಲೊರಿ ಪರೀಕ್ಷೆ ಮಾಡಿಸುವುದಾದರೆ ನಿಮ್ಮ ವೈದ್ಯರನ್ನು ಕೇಳಿ ಗ್ಯಾಸಿನ ಮಾತ್ರೆಯನ್ನು ಎರಡು ವಾರ ಮುಂಚೆ ನಿಲ್ಲಿಸಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು. ನಮ್ಮ ದೇಶದ ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಜನರ ಹೊಟ್ಟೆಯಲ್ಲಿ ಅದು ಇದ್ದೇ ಇದೆ, ಹಾಗಾಗಿ ಸಿಕ್ಕ ಮಾತ್ರಕ್ಕೆ ಎಲ್ಲ ಉರಿಯೂ ಅದರದ್ದೇ ಎಂದು ತಿಳಿಯಬೇಡಿ.

ಗಂಗಾವಳಿ ದಡ

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಬಿದ್ದದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆ ಅಲ್ಲಿಂದ ದೂರವೇ ಇದೆ, ನಮ್ಮವರು ಯಾರೂ ಅದರಲ್ಲಿ ತೀರಿಹೋಗಲಿಲ್ಲ. ಆದರೆ ನಮ್ಮ ಮನೆಯ ಹಿಂದೆಯೂ ಒಂದು ಧರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. ಆ ಮಳೆಗಾಲದಿಂದ ನನ್ನ ಯಜಮಾನರು ರಾತ್ರಿ ದೊಡ್ಡ ಲಾರಿ ಹೋದ ಸದ್ದಿಗೂ ಎದ್ದು ಬಾಗಿಲ ಅಗುಳಿ ತೆಗೆಯುತ್ತಾರೆ. ಅಗುಳಿ ತೆಗೆದ ಮೇಲೆ ಅವರಿಗೆ ಎಚ್ಚರವಾಗುತ್ತದೆ. ಅಲ್ಲಿಯವರೆಗೂ ಕೈ ತಾನಾಗಿ ಹೋಗಿರುತ್ತದೆ. ಕೇಳಿದರೆ ‘ನಂಗೇನೂ ಹೆದರಿಕೆ ಇಲ್ಲ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಹಗಲಿನಲ್ಲಿ ಅವರಿಗೆ ಇರುವುದು ಕತ್ತುನೋವು, ಮೋಡ ಕಟ್ಟಿದರೆ ಭೇದಿ, ಮತ್ತು 150ರ ಮೇಲೆ ನಿಂತ ಬಿಪಿ.

ಅವರಿಗೆ ‘ಟೆನ್ಶನ್ ಬಿಡಿ’ ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಧರೆ ಅಲ್ಲಿಯೇ ಇದೆ, ಮಳೆ ಬರುವುದೂ ನಿಜ. ಉಸಿರಾಟದ ವ್ಯಾಯಾಮಕ್ಕಿಂತ ಮೊದಲು ಆ ಮಣ್ಣಿಗೊಂದು ತಡೆಗೋಡೆ ಬೇಕು. ಮನಸ್ಸಿನ ಆರೋಗ್ಯವೆಂದರೆ ಎಲ್ಲವೂ ನಮ್ಮ ತಲೆಯೊಳಗಿನ ವಿಷಯವೆಂಬಂತೆ ಮಾತನಾಡುವುದು ಸುಲಭ.

ಹೊನ್ನಾವರದ ವೈದ್ಯ

ನೀವು ಹೇಳಿದ್ದರಲ್ಲಿ ಸತ್ಯವಿದೆ, ತಡೆಗೋಡೆಯ ಅರ್ಜಿಯನ್ನು ಬಿಡಬೇಡಿ. ಅದರ ಜೊತೆಗೆ, ಎಚ್ಚರಕ್ಕೂ ಮೊದಲು ಕೈ ಅಗುಳಿಗೆ ಹೋಗುವುದು ದುರಂತ ಕಂಡವರಲ್ಲಿ ಉಳಿಯುವ ಲಕ್ಷಣ. ಅದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರನ್ನು ಕಾಣುವುದು ಉತ್ತಮ. ಮನೆಯಿಂದ ಹೊರಡುವುದು ಕಷ್ಟವಾದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿಯೂ ಇರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬಿಪಿಯನ್ನು ಒಂದು ವಾರ ಮನೆಯಲ್ಲಿಯೂ ಅಳೆದು ಬರೆದಿಡಿ. ದವಾಖಾನೆಯ ಕುರ್ಚಿಯಲ್ಲಿ ಕೂತಾಗ ಮಾತ್ರ ಏರುವ ಬಿಪಿ ಬೇರೆ, ಮನೆಯಲ್ಲೂ ಇಳಿಯದ ಬಿಪಿ ಬೇರೆ. ಎರಡನೆಯದಾದರೆ ಅದು ಹೆದರಿಕೆಯಿಂದ ಬಂದದ್ದೇ ಆಗಿರಲಿ, ಮಾತ್ರೆ ಬೇಕಾಗಬಹುದು.

ಯಲ್ಲಾಪುರದಿಂದ ಓದುಗ

ಎಲ್ಲದಕ್ಕೂ ಮನಸ್ಸೇ ಮೂಲ. ಮನಸ್ಸನ್ನು ಪ್ರಸನ್ನವಾಗಿಟ್ಟುಕೊಂಡವರಿಗೆ ಕ್ಯಾನ್ಸರ್ ಕೂಡ ಹತ್ತಿರ ಸುಳಿಯುವುದಿಲ್ಲ, ಬಂದರೂ ಗುಣವಾಗುತ್ತದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಂಶಯಪಿಶಾಚಿ, ಕಾರವಾರ

ಹಿರಿಯರ ಗಾದೆಗೆ ನಮಸ್ಕಾರ, ಆದರೆ ಕ್ಯಾನ್ಸರಿನ ಮಾತನ್ನು ಸುಮ್ಮನೆ ಬಿಡಲಾರೆ, ಏಕೆಂದರೆ ಅದನ್ನು ಕೇಳಿಸಿಕೊಳ್ಳುತ್ತ ನನ್ನ ಚಿಕ್ಕಮ್ಮ ತೀರಿಕೊಂಡಳು. ನೋಡಲು ಬಂದವರೆಲ್ಲ ‘ನೀನು ಮನಸ್ಸಿಗೆ ಹಚ್ಚಿಕೊಂಡದ್ದು ಹೆಚ್ಚಾಯಿತು’ ಎಂದು ಹೇಳಿ ಹೋಗುತ್ತಿದ್ದರು. ಕಾಯಿಲೆಯ ಭಾರದ ಮೇಲೆ ತಾನೇ ತಪ್ಪು ಮಾಡಿದೆನೆಂಬ ಭಾರವನ್ನೂ ಹೊತ್ತುಕೊಂಡು ಹೋದಳು.

1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಅವರ ಅಧ್ಯಯನವೊಂದು, ಸ್ತನ ಕ್ಯಾನ್ಸರ್ ಮೈಯಲ್ಲಿ ಹರಡಿದ್ದ ಮಹಿಳೆಯರಲ್ಲಿ ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮನಬಿಚ್ಚಿ ಮಾತನಾಡಿದವರು ಹೆಚ್ಚು ಕಾಲ ಬದುಕಿದರು ಎಂದಿತ್ತು. ಲೋಕವೆಲ್ಲ ಅದನ್ನು ಹಿಡಿದುಕೊಂಡಿತು. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರೊಂದಿಗೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆಯುಷ್ಯ ಹೆಚ್ಚಲಿಲ್ಲ. ಬಹಳ ನೊಂದಿದ್ದವರ ಮನೋವ್ಯಥೆ ಮತ್ತು ನೋವು ಮಾತ್ರ ತಗ್ಗಿದವು. ಹೃದಯದ ಕಥೆಯೂ ಹೀಗೆಯೇ ಇದೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಖಿನ್ನತೆಗೆ ಬಿದ್ದವರಲ್ಲಿ ಸಾವು ಹೆಚ್ಚೆಂಬುದು ನಿಜ, ಆದರೆ ಹಾರ್ಟ್ ಅಟ್ಯಾಕಿನ ಬಳಿಕ ಖಿನ್ನತೆಗೆ ಬಿದ್ದ ಇಲ್ಲವೇ ಜನರ ಆಸರೆ ಕಡಿಮೆಯಿದ್ದ 2,481 ಜನರನ್ನು ಸೇರಿಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನಃಶಾಸ್ತ್ರೀಯ ಚಿಕಿತ್ಸೆಯಿಂದ ಖಿನ್ನತೆ ಕಡಿಮೆಯಾಯಿತೇ ಹೊರತು ಸಾವು ಕಡಿಮೆಯಾಗಲಿಲ್ಲ. ನನ್ನ ದೃಷ್ಟಿಯಲ್ಲಿ ನೋವು ತಗ್ಗುವುದೇ ಸಾಕಷ್ಟು ದೊಡ್ಡ ಲಾಭ. ಅದಕ್ಕೆ ಆಯುಷ್ಯದ ಆಮಿಷ ಸೇರಿಸಬೇಕಾಗಿಲ್ಲ.

ನಿವೃತ್ತ ದಾದಿ, ಕುಮಟಾ

ನಡುವೆ ಯಾರೂ ಮುಟ್ಟದ ಒಂದು ವಿಷಯ. ತಲೆಬಿಸಿಯಾದಾಗ ನಾವು ಮಾಡುವುದೇನು? ಗಂಡಸರು ಸಂಜೆ ಪೇಟೆಗೆ ಹೋಗುತ್ತಾರೆ, ಮನೆಯಲ್ಲಿ ಕವಳದ (ಎಲೆ-ಅಡಿಕೆಯ) ಸಂಚಿ ಹತ್ತು ಸಲ ಬಿಚ್ಚಿಕೊಳ್ಳುತ್ತದೆ, ಊಟ ಬಿಟ್ಟು ಆರು ಲೋಟ ಚಹಾ ಹೊಟ್ಟೆಗೆ ಸೇರುತ್ತದೆ, ನಡೆಯುವುದು ನಿಲ್ಲುತ್ತದೆ, ಬಿಪಿ ಮಾತ್ರೆ ಮರೆತುಹೋಗುತ್ತದೆ. ಚಿಂತೆಯಿಂದ ಬಂದ ಕಾಯಿಲೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಈ ದಾರಿಯಿಂದಲೇ ಬಂದದ್ದು. ಅಡಿಕೆಯ ಸೀಮೆಯಲ್ಲಿ ನಿಂತು ಹೇಳಲು ಸಂಕೋಚವಾದರೂ, ಅಡಿಕೆಯಲ್ಲಿರುವ ಅರಿಕೋಲಿನ್ ಎದೆಬಡಿತವನ್ನೂ ಬೆವರನ್ನೂ ಹೆಚ್ಚಿಸುವ ವಸ್ತು. ತೋಟಿಗರೇ, ರಾತ್ರಿ ಊಟದ ಮೇಲೆ ತಂಬಾಕು ಹಾಕಿದ ಕವಳ ಎಷ್ಟಾಗುತ್ತದೆ ಎಂದು ನಾನು ಕೇಳುವುದಿಲ್ಲ, ನೀವೇ ಎಣಿಸಿಕೊಳ್ಳಿ.

ಕಾನಸೂರು ತೋಟಿಗ (ಎರಡು ತಿಂಗಳ ಬಳಿಕ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಕೊನೆಕೊಯ್ಲಿನ ಗಡಿಬಿಡಿಯಲ್ಲಿದ್ದೆ. ಎಣಿಸಿದೆ, ರಾತ್ರಿ ಊಟದ ಮೇಲೆ ನಾಲ್ಕು. ಈಗ ಒಂದಕ್ಕೆ ಇಳಿಸಿದ್ದೇನೆ, ತಂಬಾಕು ಬಿಟ್ಟಿದ್ದೇನೆ.

ಗ್ಯಾಸಿನ ಮಾತ್ರೆ ನಿಲ್ಲಿಸಿದ ಆ ಎರಡು ವಾರ ಉರಿ ಇನ್ನೂ ಜೋರಾಗಿ ಬಹಳ ಕಷ್ಟವಾಯಿತು. ಪರೀಕ್ಷೆಯಲ್ಲಿ ಪೈಲೊರಿ ಸಿಕ್ಕಿತು. ಹದಿನಾಲ್ಕು ದಿನ ಎರಡು ಬಗೆಯ ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಂಡೆ, ಬಾಯಿ ಇಡೀ ದಿನ ತಾಮ್ರದ ತಂಬಿಗೆ ನೆಕ್ಕಿದಂತಿರುತ್ತಿತ್ತು. ಹೊಟ್ಟೆಯ ಉರಿ ಮುಕ್ಕಾಲು ಪಾಲು ಹೋಗಿದೆ. ಆಯಿಗೆ ಈಗ ಸಂತೋಷ, ಏಕೆಂದರೆ ನನಗೆ ‘ಎಂತೋ’ ಆಗಿತ್ತೆಂದು ಸಿದ್ಧವಾಯಿತು.

ಮೂರು ಗಂಟೆಯ ಎಚ್ಚರ ಮಾತ್ರ ಹೋಗಿಲ್ಲ. ಮಳೆ ನಿಂತು ತಿಂಗಳಾದರೂ ಅದೇ ಹೊತ್ತಿಗೆ ಕಣ್ಣು ಬಿಚ್ಚುತ್ತದೆ, ಅಂಗೈ ಒದ್ದೆಯಾಗಿರುತ್ತದೆ. ಮೊನ್ನೆ ಆ ಹೊತ್ತಿನಲ್ಲೇ ಎದ್ದು ಅಂಗಳಕ್ಕೆ ಹೋಗಿ 14416ಕ್ಕೆ ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ಸಾಲದ ವಿಷಯವನ್ನಲ್ಲ, ‘ಈ ಮಾತನ್ನು ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ?’ ಎಂದು. ಹೇಳಿರಲಿಲ್ಲ. ಇಪ್ಪತ್ತು ನಿಮಿಷ ಮಾತನಾಡಿದ ಮೇಲೆ ಶಿರಸಿಯಲ್ಲಿ ಮನೋವೈದ್ಯರನ್ನು ಕಾಣುವಂತೆ ತಿಳಿಸಿದರು, ಬರುವ ಸೋಮವಾರ ಹೋಗುತ್ತಿದ್ದೇನೆ. ಒಳಗೆ ಬಂದಾಗ ಹೆಂಡತಿ ಎದ್ದು ಕೂತಿದ್ದಳು. ಕಂತು ಎಷ್ಟು ಬಾಕಿ ಇದೆಯೆಂದು ಅವಳಿಗೆ ಅದೇ ಮೊದಲ ಸಲ ಹೇಳಿದೆ.